ಹಳೆ ಕಪ್ಪು-ಬಿಳುಪು ಸಿನಿಮಾ, ಹೊಸ ಟಿವಿ: ಮುಖ ಅಗಲ, ಚಲನೆ ಧಾರಾವಾಹಿಯಂತೆ, ಮಾತು ಕೇಳಿಸದು. ಏನೇನು ಬದಲಾಯಿಸಬೇಕು?

ಕಪ್ಪುಬಿಳುಪು ಕೇಳಿದ್ದು:

1920ರಿಂದ 1960ರ ನಡುವಿನ ಸಿನಿಮಾಗಳನ್ನು ಮನೆಯಲ್ಲೇ ಸಾಲಾಗಿ ನೋಡಬೇಕೆಂದಿದ್ದೇನೆ. ಕಥೆಗಿಂತ ಅದರೊಳಗಿನ ದಿನನಿತ್ಯದ ಬದುಕಿನ ಮೇಲೆ ಕಣ್ಣು. ಜನ ಮನೆಯೊಳಗೆ ಹೇಗೆ ಓಡಾಡುತ್ತಿದ್ದರು, ಯಾವ ವಸ್ತು ಎಲ್ಲಿರುತ್ತಿತ್ತು, ಕಾಯುವಾಗ ಏನು ಮಾಡುತ್ತಿದ್ದರು ಇತ್ಯಾದಿ. ಅದನ್ನು ಗುರುತು ಹಾಕಿಕೊಂಡು ಇವತ್ತಿನ ದಿನಚರಿಯ ಪಕ್ಕದಲ್ಲಿಟ್ಟು ಯೋಚಿಸುವುದು ಉದ್ದೇಶ.

ಇರುವುದು 55 ಇಂಚಿನ 4ಕೆ ಟಿವಿ, ಡಿವಿಡಿ ಪ್ಲೇಯರ್, ವಿಎಲ್‌ಸಿ (ವಿಡಿಯೊ ನೋಡುವ ತಂತ್ರಾಂಶ) ಹಾಕಿರುವ ಲ್ಯಾಪ್‌ಟಾಪ್. ತೊಂದರೆಗಳು ಹೀಗಿವೆ: ಕೆಲವು ಚಿತ್ರಗಳಲ್ಲಿ ಮುಖ ಅಡ್ಡಕ್ಕೆ ಹಿಗ್ಗಿದೆ, ಕೆಲವದರಲ್ಲಿ ತಲೆ ಕತ್ತರಿಸಿಹೋಗಿದೆ. ಚಲನೆ ವಿಪರೀತ ನುಣುಪು. ಹಿನ್ನೆಲೆ ಸಂಗೀತ ಕಿವಿಗೆ ಬಡಿಯುತ್ತದೆ, ಮಾತು ಗೊತ್ತಾಗುವುದಿಲ್ಲ. ಸಬ್‌ಟೈಟಲ್ ಮೊದಲು ಸರಿ ಇದ್ದು ಬರಬರುತ್ತಾ ತಪ್ಪುತ್ತದೆ. ಟಿಪ್ಪಣಿ ಬರೆಯಲು ಒಳ್ಳೆಯ ಕ್ರಮ ಇದ್ದರೆ ಅದನ್ನೂ ಹೇಳಿ.

---

ಚೌಕಟ್ಟು:

ಮೊದಲು ಚೌಕಟ್ಟು ಸರಿಮಾಡಿ, ಮಿಕ್ಕಿದ್ದು ಆಮೇಲೆ. ನಿಮಗೆ ಬೇಕಾದ ದಿನನಿತ್ಯದ ವಸ್ತುಗಳು ಇರುವುದೇ ಚೌಕಟ್ಟಿನ ಅಂಚಿನಲ್ಲಿ. ನಾಯಕನ ಮುಖ ನಡುವೆ ಇರುತ್ತದೆ. ಕೆಟಲ್ಲು, ಚಪ್ಪಲಿ, ಬಕೆಟ್ಟು ಕೆಳಗಿನ ಮೂಲೆಯಲ್ಲಿರುತ್ತವೆ. ಟಿವಿ ಮೊದಲು ಕತ್ತರಿಸುವುದು ಆ ಮೂಲೆಯನ್ನೇ.

ಲೆಕ್ಕ ಸರಳ. ಮೂಕಿ ಚಿತ್ರಗಳ ಅನುಪಾತ (ಅಗಲ:ಎತ್ತರ) 1.33:1, ಅಂದರೆ 4:3. ವಾಕ್ಚಿತ್ರ ಬಂದ ಹೊಸತರಲ್ಲಿ ಧ್ವನಿಪಟ್ಟಿಗೆ ಜಾಗ ಕೊಡಲು ಚಿತ್ರ ಇನ್ನಷ್ಟು ಚೌಕವಾಗಿ ಸುಮಾರು 1.19:1 ಆಯಿತು. 1932ರಿಂದ 1.37:1 ಅಮೆರಿಕದ ಸ್ಟುಡಿಯೊಗಳ ಪ್ರಮಾಣವಾಯಿತು. ಅಗಲ ಪರದೆಯ ಓಟ ಜೋರಾದದ್ದು 1953ರಲ್ಲಿ ಸಿನಿಮಾಸ್ಕೋಪ್ ಬಂದಮೇಲೆ. ನಿಮ್ಮ ಟಿವಿ 1.78:1 (16:9). ಅಂದರೆ 1920 × 1080 ಚುಕ್ಕಿಗಳ ಪರದೆಯಲ್ಲಿ 1.37ರ ಚಿತ್ರ 1480 ಚುಕ್ಕಿ ಅಗಲ ಇರಬೇಕು, ಎಡಕ್ಕೂ ಬಲಕ್ಕೂ 220 ಚುಕ್ಕಿಯಷ್ಟು ಕಪ್ಪು ಪಟ್ಟಿ ಬರಬೇಕು. ಪಟ್ಟಿ ಇಲ್ಲ ಅಂದರೆ ಎರಡರಲ್ಲಿ ಒಂದಾಗಿದೆ. ಒಂದೋ ಚಿತ್ರವನ್ನು ಅಡ್ಡಕ್ಕೆ ಸುಮಾರು 30 ಶೇಕಡಾ ಎಳೆದಿದ್ದಾರೆ, ಇಲ್ಲವೇ ಮೇಲೆ ಕೆಳಗೆ ಸೇರಿ 23 ಶೇಕಡಾ ಕತ್ತರಿಸಿದ್ದಾರೆ. ಜಪಾನಿನ ನಿರ್ದೇಶಕ ಓಜು ಕ್ಯಾಮೆರಾವನ್ನು ತೀರಾ ಕೆಳಗಿಟ್ಟು ಚಾಪೆಯ ಮೇಲಿನ ಬದುಕನ್ನು ತೆಗೆದವರು, ಅಗಲ ಪರದೆಯನ್ನು ಕೊನೆತನಕ ಬಳಸಲಿಲ್ಲ. ಅವರ ಚಿತ್ರಕ್ಕೆ ಝೂಮ್ ಹಾಕಿದರೆ ನೆಲದ ಮೇಲಿನ ಪಾತ್ರೆಗಳೇ ಮಾಯ.

ಎಳೆದಿದೆಯೋ ಇಲ್ಲವೋ ತಿಳಿಯಲು ಗೋಡೆ ಗಡಿಯಾರವೋ ಗಾಡಿ ಚಕ್ರವೋ ನೇರವಾಗಿ ಕಾಣುವ ಕಡೆ ನಿಲ್ಲಿಸಿ, ಪರದೆಯ ಮೇಲೆ ಅಳತೆ ಪಟ್ಟಿ ಹಿಡಿಯಿರಿ. ಎತ್ತರ 20 ಸೆಂ.ಮೀ. ಇದ್ದು ಅಗಲ 26 ಬಂದರೆ ಎಳೆದಿದೆ.

ಸರಿಪಡಿಸುವುದು: ಟಿವಿಯ ಚಿತ್ರ ಗಾತ್ರದಲ್ಲಿ "ಜಸ್ಟ್ ಸ್ಕ್ಯಾನ್", "ಫಿಟ್ ಟು ಸ್ಕ್ರೀನ್", "ಫುಲ್ ಪಿಕ್ಸೆಲ್" ಇಂಥ ಯಾವ ಹೆಸರಿದ್ದರೂ ಅದನ್ನು ಆರಿಸಿ. ಇದು ಓವರ್‌ಸ್ಕ್ಯಾನ್ ನಿಲ್ಲಿಸುತ್ತದೆ, ಇಲ್ಲದಿದ್ದರೆ ನಾಲ್ಕೂ ಅಂಚು ಸದ್ದಿಲ್ಲದೆ ಸ್ವಲ್ಪ ಸ್ವಲ್ಪ ಹೋಗಿರುತ್ತದೆ. ಡಿವಿಡಿ ಪ್ಲೇಯರ್‌ನಲ್ಲಿ ಟಿವಿ ಬಗೆ 16:9 ಇರಲಿ. ಅಷ್ಟು ಮಾಡಿಯೂ 4:3 ಡಿಸ್ಕ್ ಹಿಗ್ಗಿ ಬರುತ್ತಿದ್ದರೆ, ಪ್ಲೇಯರ್ ತಾನೇ 1080ಕ್ಕೆ ಹಿಗ್ಗಿಸಿ ಕಳಿಸುವಾಗ ಪಟ್ಟಿ ಸೇರಿಸುತ್ತಿಲ್ಲ ಎಂದರ್ಥ. ಮೆನುವಿನಲ್ಲಿ "16:9 ಪಿಲ್ಲರ್‌ಬಾಕ್ಸ್" ಅಥವಾ "ಸ್ಕ್ವೀಝ್" ಇದೆಯೇ ನೋಡಿ. ಇಲ್ಲವಾದರೆ ಔಟ್‌ಪುಟ್ಟನ್ನು 576ಪಿ ಅಥವಾ 480ಪಿಗೆ ಇಳಿಸಿ ಟಿವಿಯಲ್ಲಿ 4:3 ಆರಿಸಿ. ಲ್ಯಾಪ್‌ಟಾಪಿನಲ್ಲಾದರೆ ವಿಎಲ್‌ಸಿಯ "ಎ" ಕೀ ಅನುಪಾತ ಬದಲಾಯಿಸುತ್ತದೆ, "ಸಿ" ಕೀ ಕತ್ತರಿಸುತ್ತದೆ. ಎರಡೂ "ಡೀಫಾಲ್ಟ್"ನಲ್ಲೇ ಇರಲಿ.

ಝೂಮ್ ಸರಿಯಾಗುವುದು ಒಂದೇ ಕಡೆ. ಹಳೆಯ ಕೆಲವು ಡಿವಿಡಿಗಳಲ್ಲಿ ಅಗಲ ಪರದೆಯ ಚಿತ್ರವನ್ನು 4:3 ಚೌಕಟ್ಟಿನೊಳಗೆ ಪಟ್ಟಿ ಸಮೇತ ಅಚ್ಚು ಹಾಕಿರುತ್ತಾರೆ. ಹೊಸ ಟಿವಿಯಲ್ಲಿ ನಾಲ್ಕೂ ಸುತ್ತ ಕಪ್ಪು ಬಂದು ಚಿತ್ರ ನಡುವೆ ಅಂಚೆಚೀಟಿಯಂತೆ ನಿಲ್ಲುತ್ತದೆ. ಅದಕ್ಕೆ ಝೂಮ್ ಹಾಕಿ, ಏನೂ ನಷ್ಟವಿಲ್ಲ.

ಪಟ್ಟಿ ಬಂದು ಚಿತ್ರ ಚಿಕ್ಕದಾಯಿತು ಅನ್ನಿಸಿದರೆ ಕುರ್ಚಿಯನ್ನು ಮುಂದೆ ಎಳೆಯಿರಿ. 55 ಇಂಚಿನಲ್ಲಿ ಚಿತ್ರದ ಎತ್ತರ 68 ಸೆಂ.ಮೀ., 1.37ರ ಚಿತ್ರದ ಅಗಲ ಸುಮಾರು 94 ಸೆಂ.ಮೀ. ಒಂದೂಮುಕ್ಕಾಲರಿಂದ ಎರಡು ಮೀಟರ್ ದೂರ ಸಾಕು. ಮೂರೂವರೆ ಮೀಟರ್ ಆಚೆ ಸೋಫಾದಲ್ಲಿ ಕೂತು ಹಿನ್ನೆಲೆಯ ಕಪಾಟಿನಲ್ಲಿ ಏನಿದೆ ಅಂತ ಹುಡುಕಿದರೆ ಕಾಣುವುದಿಲ್ಲ.

---

ಮಸೂರ:

ಚಲನೆ ನುಣುಪಾಗಲು ಕಾರಣ ಟಿವಿ ನಡುವೆ ತುರುಕುವ ಕಲ್ಪಿತ ಚೌಕಟ್ಟುಗಳು. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು. ಟಿವಿ ಎರಡರ ನಡುವೆ ತಾನೇ ಊಹಿಸಿ ಹೊಸದನ್ನು ಬರೆಯುತ್ತದೆ. "ಮೋಷನ್‌ಫ್ಲೋ", "ಟ್ರೂಮೋಷನ್", "ಆಟೋ ಮೋಷನ್ ಪ್ಲಸ್" ಹೀಗೆ ಕಂಪನಿಗೊಂದು ಹೆಸರು. ಪೂರ್ತಿ ಆಫ್ ಮಾಡಿ, "ಕಡಿಮೆ" ಅಂತ ಇಡಬೇಡಿ. ಊಹೆ ಅತಿ ಹೆಚ್ಚು ತಪ್ಪುವುದು ಬೇಗ ಆಡುವ ಬೆರಳುಗಳಲ್ಲಿ. ಹೊಲಿಗೆ, ತರಕಾರಿ ಹೆಚ್ಚುವುದು, ಇಸ್ತ್ರಿ ನಡೆಯುವಾಗ ಕೈ ಸುತ್ತ ಕಲಸಿದಂಥ ಒಂದು ವಲಯ ಕಾಣುತ್ತದೆ. ಕೈಗೆಲಸ ನೋಡಲೆಂದೇ ಕೂತವರಿಗೆ ಇದು ದೊಡ್ಡ ನಷ್ಟ.

2019ರಲ್ಲಿ ಯುಎಚ್‌ಡಿ ಅಲಯನ್ಸ್ (ಟಿವಿ ಕಂಪನಿಗಳು, ಸ್ಟುಡಿಯೊಗಳ ಒಕ್ಕೂಟ) ಘೋಷಿಸಿದ "ಫಿಲ್ಮ್‌ಮೇಕರ್ ಮೋಡ್" ನಿಮ್ಮ ಟಿವಿಯಲ್ಲಿದ್ದರೆ ಅದೇ ಸಾಕು. ಅದು ಈ ನುಣುಪನ್ನು ನಿಲ್ಲಿಸಿ, ಅನುಪಾತ ಕಾಯ್ದು, ಬಿಳಿಯನ್ನು ಡಿ65ಕ್ಕೆ (ಸುಮಾರು 6500 ಕೆಲ್ವಿನ್‌ನ ಹಗಲಿನ ಬಿಳಿ) ಇಡುತ್ತದೆ. ಇಲ್ಲದಿದ್ದರೆ "ಸಿನಿಮಾ" ಮೋಡ್, ಬಣ್ಣದ ತಾಪ "ವಾರ್ಮ್". ಮೊದಲ ಹತ್ತು ನಿಮಿಷ ಹಳದಿ ಅನ್ನಿಸುತ್ತದೆ, ಕಣ್ಣು ಹೊಂದಿಕೊಳ್ಳುತ್ತದೆ. ಕ್ಯಾಮೆರಾ ಅಡ್ಡಕ್ಕೆ ತಿರುಗುವಾಗ ಸಣ್ಣ ಕುಲುಕು ಉಳಿದರೆ ಬಿಟ್ಟುಬಿಡಿ. 60 ಹರ್ಟ್ಸ್‌ನ ಟಿವಿ ಒಂದು ಚೌಕಟ್ಟನ್ನು ಮೂರು ಸಲ, ಮುಂದಿನದನ್ನು ಎರಡು ಸಲ ತೋರಿಸುವುದರಿಂದ ಅದು ಬಂದೇ ಬರುತ್ತದೆ. 120 ಹರ್ಟ್ಸ್ ಇದ್ದರೆ ಐದೈದು ಸಲ, ಕುಲುಕಿಲ್ಲ.

ಶಾರ್ಪ್‌ನೆಸ್ ಇಳಿಸಿ. ಕೆಲವು ಟಿವಿಯಲ್ಲಿ ತಟಸ್ಥ ಬಿಂದು 0, ಇನ್ನು ಕೆಲವದರಲ್ಲಿ 50. ಕಪ್ಪು ಅಕ್ಷರದ ಸುತ್ತ ಬಿಳಿ ಗೆರೆ ಮಾಯವಾಗುವ ತನಕ ಇಳಿಸಿದರೆ ಸರಿಯಾದ ಜಾಗ ಸಿಕ್ಕಿತು. ನಾಯ್ಸ್ ರಿಡಕ್ಷನ್ ಆಫ್. ಫಿಲ್ಮಿನ ಕಾಳು (ಗ್ರೇನ್) ಕೊಳೆಯಲ್ಲ, ಚಿತ್ರ ಕೂತಿರುವುದೇ ಅದರ ಮೇಲೆ. ಅದನ್ನು ಒರೆಸಿದರೆ ಮುಖ ಮೇಣವಾಗುತ್ತದೆ, ಬಟ್ಟೆಯ ನೇಯ್ಗೆ, ಗೋಡೆಯ ಸುಣ್ಣದ ಒರಟು ಹೋಗುತ್ತದೆ. ಸ್ಟ್ರೀಮಿಂಗ್‌ನಲ್ಲಿ ಹಳೆ ಚಿತ್ರ ಚೌಕ ಚೌಕವಾಗಿ ಒಡೆಯುವುದಕ್ಕೂ ಕಾಳೇ ಕಾರಣ. ಪ್ರತಿ ಚೌಕಟ್ಟಿನಲ್ಲೂ ಅದು ಬೇರೆ ಬೇರೆ ಕಡೆ ಇರುವುದರಿಂದ ಕಡಿಮೆ ಬಿಟ್‌ರೇಟಿಗೆ ಹಿಡಿಸುವುದಿಲ್ಲ. ಬ್ಲೂ-ರೇ ಸಿಗುವ ಚಿತ್ರಕ್ಕೆ ಬ್ಲೂ-ರೇಯೇ ಒಳ್ಳೆಯದು.

ಕಪ್ಪು ಬೂದುಬಣ್ಣಕ್ಕೆ ತಿರುಗಿದ್ದರೆ ಅಥವಾ ನೆರಳಿನ ಮೂಲೆಗಳು ಮಸಿ ಬಳಿದಂತಿದ್ದರೆ ಎಚ್‌ಡಿಎಂಐ ರೇಂಜ್ ಹೊಂದಿಲ್ಲ. ಕಪ್ಪಿನಿಂದ ಬಿಳಿಯ ತನಕದ ಅಂಕಿ ವಿಡಿಯೊಗೆ 16ರಿಂದ 235 ("ಲಿಮಿಟೆಡ್"), ಕಂಪ್ಯೂಟರಿಗೆ 0ಯಿಂದ 255 ("ಫುಲ್"). ಲ್ಯಾಪ್‌ಟಾಪ್ ಮತ್ತು ಟಿವಿ ಎರಡರಲ್ಲೂ "ಲಿಮಿಟೆಡ್" ಇಡಿ, ಇಲ್ಲವೇ ಎರಡರಲ್ಲೂ "ಫುಲ್". ಕೋಣೆ ಪೂರ್ತಿ ಕತ್ತಲೆ ಬೇಡ. ಟಿವಿ ಹಿಂದೆ ಗೋಡೆಗೆ 6500 ಕೆಲ್ವಿನ್‌ನ ಮಂದ ದೀಪ ಹಾಕಿ, ಪರದೆಯ ಅತಿ ಬಿಳಿಯ ಹತ್ತನೇ ಒಂದು ಭಾಗದಷ್ಟು ಬೆಳಕು. ಕಪ್ಪು ಗಟ್ಟಿಯಾಗಿ ಕಾಣುತ್ತದೆ, ಟಿಪ್ಪಣಿ ಬರೆಯಲೂ ಬೆಳಕು ಸಿಗುತ್ತದೆ.

ಕಪ್ಪು-ಬಿಳುಪು ಚಿತ್ರಕ್ಕೆ ಇನ್ನೊಂದು: ಕಲರ್ ಸ್ಯಾಚುರೇಷನ್ ಸೊನ್ನೆಗೆ ಇಳಿಸಿ. ಕಂಪ್ರೆಷನ್‌ನಿಂದ ಬರುವ ಹಸಿರು-ಗುಲಾಬಿ ಕಲೆಗಳು ಒಟ್ಟಿಗೇ ಹೋಗುತ್ತವೆ.

---

ಒಂಟಿ ಸ್ಪೀಕರ್:

ಮೇಲಿನವರು ಹೇಳಿದ ಕಲರ್ ಸೊನ್ನೆ ಮೂಕಿ ಚಿತ್ರಗಳಿಗೆ ಬೇಡ. ಆಗ ರಾತ್ರಿಗೆ ನೀಲಿ, ದೀಪದ ಬೆಳಕಿಗೆ ಹಳದಿ ಅಂತ ಫಿಲ್ಮನ್ನೇ ಬಣ್ಣದ ನೀರಿನಲ್ಲಿ ಅದ್ದುತ್ತಿದ್ದರು. ಸೊನ್ನೆ ಮಾಡಿದರೆ ರಾತ್ರಿ ಯಾವುದು ಹಗಲು ಯಾವುದು ತಿಳಿಯುವುದಿಲ್ಲ. ಹಗಲಿನಲ್ಲೇ ತೆಗೆದು ನೀಲಿಯಲ್ಲಿ ಅದ್ದಿ ರಾತ್ರಿ ಮಾಡಿದ ದೃಶ್ಯಗಳು ಬೇಕಾದಷ್ಟಿವೆ.

ಈಗ ಧ್ವನಿ. ಆ ಕಾಲದ ಧ್ವನಿ ಬಹುಪಾಲು ಮಾನೊ (ಒಂದೇ ಚಾನೆಲ್), ಫಿಲ್ಮಿನ ಅಂಚಿನಲ್ಲಿ ಬೆಳಕಿನ ಗೆರೆಯಾಗಿ ಅಚ್ಚಾದದ್ದು. ಥಿಯೇಟರಿನ ಧ್ವನಿಗೆ ಪ್ರಮಾಣವಾಗಿದ್ದ ಅಕಾಡೆಮಿ ಕರ್ವ್ ಪ್ರಕಾರ ಸುಮಾರು 100 ಹರ್ಟ್ಸ್‌ನಿಂದ 1.6 ಕಿಲೊಹರ್ಟ್ಸ್ ತನಕ ಸಮವಾಗಿದ್ದು, 8 ಕಿಲೊಹರ್ಟ್ಸ್ ಹೊತ್ತಿಗೆ 18 ಡೆಸಿಬೆಲ್ ಇಳಿದಿರುತ್ತಿತ್ತು. ಅಂದರೆ 8ರ ಮೇಲೆ ನಿಮಗೆ ಕೇಳುವುದು ಬಹುಪಾಲು ಸುಯ್ ಸದ್ದು. ಟಿವಿಯಲ್ಲಿ "ಸರೌಂಡ್", "ವರ್ಚುವಲ್" ಎಂದಿರುವುದನ್ನೆಲ್ಲ ಆಫ್ ಮಾಡಿ. ಮಾನೊ ಧ್ವನಿಯನ್ನು ಹರಡಲು ಅವು ಸುಳ್ಳು ಪ್ರತಿಧ್ವನಿ ಸೇರಿಸುತ್ತವೆ, ಮಾತು ಬಾವಿಯೊಳಗಿಂದ ಬಂದಂತಾಗುತ್ತದೆ. ಒಂದೇ ಒಂದು ಸ್ಪೀಕರ್ ಪರದೆಯ ಕೆಳಗೆ ನಡುವೆ, ಕಿವಿಯ ಕಡೆ ಮುಖ ಮಾಡಿ ಇಟ್ಟರೆ ದುಬಾರಿ ಸೆಟ್ಟಿಗಿಂತ ಚೆನ್ನಾಗಿ ಮಾತು ಕೇಳುತ್ತದೆ.

ವಿಎಲ್‌ಸಿ ಈಕ್ವಲೈಸರ್: 60 ಹರ್ಟ್ಸ್ ಮೈನಸ್ 12 ಡೆಸಿಬೆಲ್, 3ಕೆ ಪ್ಲಸ್ 3, 6ಕೆ ಮೈನಸ್ 3, 12ಕೆ-14ಕೆ-16ಕೆ ಪೂರ್ತಿ ಕೆಳಕ್ಕೆ, ಪ್ರಿಆಂಪ್ ಸ್ವಲ್ಪ ಇಳಿಸಿ. 6ಕೆ ಇನ್ನೂ ಇಳಿಸಿದರೆ ಸ, ಶ ಅಕ್ಷರಗಳು ಸಾಯುತ್ತವೆ, ಜೊತೆಗೆ ಲೋಟ ಚಮಚದ ಸದ್ದೂ.

ಮಾತು ಮಾತ್ರ ಟೊಳ್ಳಾಗಿ ಅಥವಾ ಪೂರ್ತಿ ಮಾಯವಾಗಿ ಕೇಳುತ್ತಿದ್ದರೆ ಎರಡು ಚಾನೆಲ್‌ಗಳಲ್ಲಿ ಒಂದು ತಲೆಕೆಳಗಾಗಿ ದಾಖಲಾಗಿರಬಹುದು. ಎರಡೂ ಕೂಡಿದಾಗ ಒಂದನ್ನೊಂದು ಅಳಿಸುತ್ತವೆ. ಆಡಿಯೊ ಮೆನುವಿನ ಸ್ಟೀರಿಯೊ ಮೋಡ್‌ನಲ್ಲಿ "ಎಡ" ಮಾತ್ರ ಆರಿಸಿ, ಮಾತು ವಾಪಸ್.

ಸಬ್‌ಟೈಟಲ್: ಮೊದಲಿಂದ ಕೊನೆತನಕ ಒಂದೇ ಅಂತರ ತಪ್ಪಿದ್ದರೆ "ಜಿ" ಮತ್ತು "ಎಚ್" ಕೀ ಸಾಕು, ಒತ್ತಿಗೆ 50 ಮಿಲಿಸೆಕೆಂಡು. ನಿಮ್ಮದು ಬರಬರುತ್ತಾ ತಪ್ಪುವ ಬಗೆ, ಅದು ವೇಗದ ವ್ಯತ್ಯಾಸ. ಪಾಲ್ (ಯುರೋಪ್, ಭಾರತದ ಟಿವಿ ಪದ್ಧತಿ) ಡಿಸ್ಕ್‌ಗಳಲ್ಲಿ 24ರ ಸಿನಿಮಾವನ್ನು 25ರಲ್ಲಿ ಓಡಿಸುತ್ತಾರೆ. ಎರಡು ಗಂಟೆಯ ಚಿತ್ರ 115 ನಿಮಿಷಕ್ಕೆ ಮುಗಿಯುತ್ತದೆ, ದನಿಯೂ ಅರ್ಧ ಸ್ವರಕ್ಕಿಂತ (ಸೆಮಿಟೋನ್) ತುಸು ಕಡಿಮೆ ಏರುತ್ತದೆ. ಅದಕ್ಕೆ ಬರೆದ ಸಬ್‌ಟೈಟಲನ್ನು 23.976ರ ವಿಡಿಯೊಗೆ ಹಾಕಿದರೆ ಒಂದು ಗಂಟೆಯ ಹೊತ್ತಿಗೆ ಸುಮಾರು ಎರಡೂವರೆ ನಿಮಿಷ ಮುಂಚೆ ಬರುತ್ತದೆ. ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ಫ್ರೇಮ್ ರೇಟ್ ಬದಲಾವಣೆ ತೆರೆದು 25ರಿಂದ 23.976ಕ್ಕೆ ಕೊಟ್ಟು ಉಳಿಸಿ.

---

ಕಪ್ಪುಬಿಳುಪು:

ಚೌಕಟ್ಟು, ಧ್ವನಿ ಎರಡೂ ಸರಿಯಾಯಿತು, ಧನ್ಯವಾದ. ಇನ್ನೆರಡು ಪ್ರಶ್ನೆ. ಮೂಕಿ ಚಿತ್ರಗಳಲ್ಲಿ ಜನ ಓಡೋಡಿ ನಡೆಯುತ್ತಾರಲ್ಲ, ಅದು ಹಾಗೇ ಇರಬೇಕಾ? 1960ರ ಸುಮಾರಿನ ಬಣ್ಣದ ಚಿತ್ರವೊಂದು ಪೂರ್ತಿ ಗುಲಾಬಿಯಾಗಿದೆ, ಟಿವಿಯಲ್ಲಿ ಸರಿಮಾಡಬಹುದಾ?

---

ಕೈತಿರುಗುಣಿ:

ಓಡೋಡಿ ನಡೆಯುವುದು ಆ ಕಾಲದವರ ಅವಸರವಲ್ಲ. ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು, ಸೆಕೆಂಡಿಗೆ 16, 18, 20, 22 ಹೀಗೆ ಚಿತ್ರಕ್ಕೊಂದು ವೇಗ, ಕೆಲವೊಮ್ಮೆ ದೃಶ್ಯಕ್ಕೊಂದು. ಅದನ್ನು 24ರಲ್ಲಿ ಓಡಿಸಿದರೆ ಎಲ್ಲರೂ ರೈಲು ಹಿಡಿಯಲು ಹೊರಟವರೇ.

ವೇಗ ಊಹಿಸುವ ಬದಲು ಅಳೆಯಬಹುದು. ಮೇಜಿನಿಂದ ಏನಾದರೂ ಬೀಳುವ ದೃಶ್ಯ ಹುಡುಕಿ. 75 ಸೆಂ.ಮೀ. ಎತ್ತರದಿಂದ ಬೀಳಲು ಸುಮಾರು 0.39 ಸೆಕೆಂಡು ಬೇಕು, ಅದು ಯಾವ ಕಾಲದಲ್ಲೂ ಬದಲಾಗುವುದಿಲ್ಲ. ವಿಎಲ್‌ಸಿಯಲ್ಲಿ "ಇ" ಕೀ ಒತ್ತುತ್ತಾ ಒಂದೊಂದೇ ಚೌಕಟ್ಟು ಎಣಿಸಿ. ಆರು ಬಂದರೆ 16ರ ಆಸುಪಾಸು, ಏಳು ಬಂದರೆ 18, ಒಂಬತ್ತು ದಾಟಿದರೆ 24. ಕಾಗದ, ಬಟ್ಟೆ, ಎಲೆ ಲೆಕ್ಕಕ್ಕಿಲ್ಲ, ಗಾಳಿ ತಡೆಯುತ್ತದೆ. 18 ಅಂತ ತಿಳಿದರೆ ವೇಗವನ್ನು 0.75ಕ್ಕೆ ಇಡಿ.

ಎಣಿಸುವಾಗ ನಡುವೆ ಒಂದೇ ಥರದ ಎರಡು ಚೌಕಟ್ಟು ಒಟ್ಟಿಗೆ ಬಂದರೆ ಕೈ ಬಿಡಿ. ಮರುಸಂಸ್ಕರಣೆ ಮಾಡಿದವರು ಚೌಕಟ್ಟು ಪುನರಾವರ್ತಿಸಿ ವೇಗ ಆಗಲೇ ಸರಿಮಾಡಿದ್ದಾರೆ. ಡಿಸ್ಕಿನಲ್ಲಿ ಸಂಗೀತ ದೃಶ್ಯಕ್ಕೆ ಸರಿಯಾಗಿ ಕೂತಿದ್ದರೂ ಅಷ್ಟೇ, ವೇಗ ಅವರು ಆರಿಸಿದ್ದು. ಹಾಸ್ಯ ಚಿತ್ರಗಳಲ್ಲಿ ಬೇಕೆಂದೇ ನಿಧಾನ ತಿರುಗಿಸಿ ವೇಗ ಹೆಚ್ಚಿಸುತ್ತಿದ್ದರು, ಅದನ್ನು "ಸರಿ" ಮಾಡಿದರೆ ನಗು ಹೋಗುತ್ತದೆ.

ಗುಲಾಬಿ ಬಗ್ಗೆ: 1950ರಲ್ಲಿ ಬಂದ ಈಸ್ಟ್‌ಮನ್‌ಕಲರ್ ಬಗೆಯ ಪ್ರಿಂಟುಗಳಲ್ಲಿ ಸಯಾನ್ (ನೀಲಿ-ಹಸಿರು) ಬಣ್ಣ ಬೇಗ ಮಾಸಿ ಕೆಂಪುಛಾಯೆ ಉಳಿಯುತ್ತದೆ. ಟೆಕ್ನಿಕಲರ್‌ನ ಅಚ್ಚೊತ್ತುವ ಪ್ರಿಂಟುಗಳು ಹಾಗೆ ಮಾಸುವುದಿಲ್ಲ. ಟಿವಿಯಲ್ಲಿ ಕೆಂಪು ಇಳಿಸಿದರೆ ಮಂಕಾಗುತ್ತದೆಯೇ ಹೊರತು ಹೋದ ನೀಲಿ ಹಸಿರು ಬರುವುದಿಲ್ಲ. ಬೇರೆ ಮೂಲದಿಂದ ಮಾಡಿದ ಆವೃತ್ತಿ ಹುಡುಕಿ. ಸಿಗದಿದ್ದರೆ ಸ್ಯಾಚುರೇಷನ್ ಅರ್ಧಕ್ಕಿಳಿಸಿ ನೋಡಿ.

---

ಅಂಚು ನೋಡುವವರು:

ಟಿಪ್ಪಣಿಗೆ ಬರೋಣ. ವಸ್ತುಗಳ ಪಟ್ಟಿ ಮಾಡಿದರೆ ಅದು ಹಳೆ ಸಾಮಾನಿನ ಅಂಗಡಿಯ ಲೆಕ್ಕವಾಗುತ್ತದೆ. ಪಟ್ಟಿ ಬಿಟ್ಟು ಕೆಲಸಕ್ಕೆ ಹಿಡಿಯುವ ಹೊತ್ತನ್ನು ಅಳೆಯಿರಿ. ನಾಲ್ಕು ಕಾಲಂ ಸಾಕು: ಸಮಯ, ಕೈ ಮಾಡುತ್ತಿರುವ ಕೆಲಸ, ಆ ಕೆಲಸ ಯಾರದು, ಪರದೆಯ ಮೇಲೆ ಎಷ್ಟು ಸೆಕೆಂಡು. ಐದನೆಯದನ್ನು ಮರುದಿನ ತುಂಬಿ: ಅದೇ ಕೆಲಸ ಈಗ ನಿಮ್ಮ ಮನೆಯಲ್ಲಿ ಯಾರು, ಎಷ್ಟು ಹೊತ್ತು.

ಉದಾಹರಣೆಗೆ ತಿರುಗುವ ಡಯಲ್ಲಿನ ಟೆಲಿಫೋನು. ಸಾಮಾನ್ಯವಾಗಿ ಡಯಲ್ ಸೆಕೆಂಡಿಗೆ ಹತ್ತು ಮಿಡಿತದಂತೆ ವಾಪಸಾಗುತ್ತದೆ. 9 ತಿರುಗಿಸಿದರೆ ವಾಪಸಿಗೇ ಹತ್ತಿರ ಹತ್ತಿರ ಒಂದು ಸೆಕೆಂಡು, ಬೆರಳಿನ ಹೊತ್ತು ಬೇರೆ. ಆರಂಕಿಯ ನಂಬರಿಗೆ ಎಂಟು ಹತ್ತು ಸೆಕೆಂಡು ಸುಮ್ಮನೆ ನಿಲ್ಲಬೇಕು. ಸಿನಿಮಾದಲ್ಲಿ ಎರಡಂಕಿ ತಿರುಗಿಸುತ್ತಲೇ ಕಟ್. ಪೂರ್ತಿ ಆರಂಕಿ ತೋರಿಸಿದ್ದರೆ ನಿರ್ದೇಶಕನಿಗೆ ಆ ಕಾಯುವಿಕೆ ಬೇಕಾಗಿತ್ತು ಎಂದರ್ಥ, ಅಲ್ಲಿ ಗುರುತು ಹಾಕಿ. ಇಸ್ತ್ರಿ, ನೀರು ತುಂಬುವುದು, ಒಲೆ ಹೊತ್ತಿಸುವುದು ಎಲ್ಲಕ್ಕೂ ಇದೇ ಲೆಕ್ಕ. ಮನೆಗೆಲಸ ಎಲ್ಲಿ ಕತ್ತರಿಸಿದೆ ಎಂಬುದನ್ನು ಬರೆದಿಡಿ, ತೋರಿಸಿದ್ದಕ್ಕಿಂತ ಅದು ಹೆಚ್ಚು ಹೇಳುತ್ತದೆ.

ಕಂಡದ್ದನ್ನೆಲ್ಲ ನಂಬಬೇಡಿ. ಸ್ಟುಡಿಯೊ ಮನೆಗೆ ಸಾಮಾನ್ಯವಾಗಿ ಚಾವಣಿ ಇರುವುದಿಲ್ಲ, ಅಲ್ಲಿ ದೀಪ ತೂಗುಹಾಕಿರುತ್ತಾರೆ. ಒಂದು ಗೋಡೆ ಕಳಚಿ ಇಟ್ಟಿರುತ್ತಾರೆ, ಕ್ಯಾಮೆರಾ ಹಿಂದೆ ಸರಿಯಲು. ಹಾಗಾಗಿ ಬಡವನ ಕೋಣೆಯೂ ವಿಶಾಲ. ಒಂದೇ ಕುರ್ಚಿಗೆ ಮೂರು ನೆರಳು ಕಂಡರೆ ಅದು ಸೆಟ್. 1920ರ ದಶಕದ ನಡುವಿನ ತನಕ ಹೆಚ್ಚು ಬಳಕೆಯಲ್ಲಿದ್ದ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ: ಕೆಂಪು ಬಟ್ಟೆ ಕಪ್ಪಾಗಿ, ನೀಲಿ ಆಕಾಶ ಬೆಳ್ಳಗೆ, ತುಟಿ ಗಾಢವಾಗಿ ಬರುತ್ತಿತ್ತು. ಆ ಕಾಲದ ಬಟ್ಟೆಯ ಬಣ್ಣದ ಬಗ್ಗೆ ತೀರ್ಮಾನ ಬೇಡ. ಯುದ್ಧಾನಂತರದ ಇಟಲಿಯ ಚಿತ್ರಗಳನ್ನು ನಿಜವಾದ ಬೀದಿಯಲ್ಲಿ ತೆಗೆದರೂ ಸದ್ದನ್ನು ಆಮೇಲೆ ಸೇರಿಸುತ್ತಿದ್ದರು, ಬೀದಿ ಆ ಬೀದಿಯೇ, ಸದ್ದು ಅಲ್ಲಿಯದಲ್ಲ.

ಅಭ್ಯಾಸಕ್ಕೆ 1895ರ ಲೂಮಿಯೇರ್ ಸಹೋದರರ ತುಣುಕುಗಳು ಒಳ್ಳೆಯವು, ಒಂದೊಂದೂ ಐವತ್ತು ಸೆಕೆಂಡಿನ ಒಳಗೆ. ಕಾರ್ಖಾನೆಯಿಂದ ಕೆಲಸಗಾರರು ಹೊರಬರುವುದಕ್ಕೆ ಮೂರು ಆವೃತ್ತಿಗಳಿವೆ. ಒಂದರಲ್ಲಿ ಒಂದು ಕುದುರೆ, ಒಂದರಲ್ಲಿ ಎರಡು, ಇನ್ನೊಂದರಲ್ಲಿ ಕುದುರೆಯೇ ಇಲ್ಲ. ಮೂರನ್ನೂ ಒಂದಾದಮೇಲೊಂದು ಹಾಕಿ ಬಟ್ಟೆ, ನೆರಳು, ಜನ ಕ್ಯಾಮೆರಾವನ್ನು ತಪ್ಪಿಸಿಕೊಳ್ಳುವ ಬಗೆ ಹೋಲಿಸಿ. ಸಹಜವೆಂದು ಕಂಡದ್ದನ್ನೂ ಮತ್ತೆ ಮತ್ತೆ ಮಾಡಿಸಿದ್ದಾರೆಂದು ತಿಳಿಯುತ್ತದೆ.

---

ಚೌಕಟ್ಟು:

ಒಂದು ತಕರಾರು. ಮೊದಲ ಸಲ ನೋಡುವಾಗಲೇ ಸೆಕೆಂಡು ಎಣಿಸುತ್ತಾ ಕೂತರೆ ಸಿನಿಮಾ ಕೈತಪ್ಪುತ್ತದೆ. ಮೊದಲ ಸಲ ತಡೆಯದೆ ನೋಡಿ, ಎರಡನೆಯ ಸಲ ಸದ್ದು ಮುಚ್ಚಿ ಒಂದು ರೀಲಿನಷ್ಟು ಮಾತ್ರ. 2000 ಅಡಿಯ ರೀಲು ನಿಮಿಷಕ್ಕೆ 90 ಅಡಿಯಂತೆ ಹೆಚ್ಚೆಂದರೆ 22 ನಿಮಿಷ. ಪ್ರಿಂಟಿನಿಂದ ಮಾಡಿದ ಪ್ರತಿಯಾದರೆ ರೀಲು ಮುಗಿಯುವ ಕಡೆ ಬಲಗಡೆ ಮೇಲಿನ ಮೂಲೆಯಲ್ಲಿ ಚುಕ್ಕೆ ಮಿಂಚುತ್ತದೆ: ಮೊದಲನೆಯದು ಕೊನೆಗೆ ಸುಮಾರು 8 ಸೆಕೆಂಡು ಮುಂಚೆ, ಎರಡನೆಯದು ಸುಮಾರು ಒಂದು ಸೆಕೆಂಡು ಮುಂಚೆ. ಪ್ರೊಜೆಕ್ಟರ್ ಬದಲಿಸುವವರಿಗೆ ಹಾಕಿದ ಗುರುತು. ನೀವು ನಿಲ್ಲಿಸಲೂ ಅದೇ ಜಾಗ.

---

ಅಂಚು ನೋಡುವವರು:

ಒಪ್ಪಿದೆ, ಮೊದಲ ಸಲ ಕಂಟ್ರೋಲ್ + ಬಿ ಒತ್ತಿ ಬುಕ್‌ಮಾರ್ಕ್ ಮಾತ್ರ ಹಾಕಿ. ಎರಡನೆಯ ಸಲ ಶಿಫ್ಟ್ + ಎಸ್‌ನಿಂದ ಆ ಚೌಕಟ್ಟಿನ ಚಿತ್ರ ಉಳಿಸಿ, ಕಡತದ ಹೆಸರಿನಲ್ಲೇ ಗಂಟೆ-ನಿಮಿಷ-ಸೆಕೆಂಡು ಬರೆಯಿರಿ. ವಾಪಸ್ ಹೋಗಲು ಕಂಟ್ರೋಲ್ + ಟಿ. ಪಾಲ್ ಡಿಸ್ಕಿನ ಸಮಯವೂ ಬ್ಲೂ-ರೇ ಸಮಯವೂ ಹೊಂದುವುದಿಲ್ಲ, ಹಾಗಾಗಿ ಯಾವ ಪ್ರತಿ ನೋಡಿದ್ದೆಂದು ಟಿಪ್ಪಣಿಯ ತಲೆಯಲ್ಲಿ ಇರಲಿ.

---

ಮಸೂರ:

ಬಿಟ್ಟುಹೋದದ್ದು: ಹೆಚ್ಚಿನ ಟಿವಿಗಳು ಚಿತ್ರದ ಸೆಟ್ಟಿಂಗನ್ನು ಇನ್‌ಪುಟ್‌ಗೊಂದರಂತೆ ಬೇರೆ ಬೇರೆ ನೆನಪಿಡುತ್ತವೆ. ಡಿವಿಡಿಯ ಎಚ್‌ಡಿಎಂಐ, ಲ್ಯಾಪ್‌ಟಾಪಿನ ಎಚ್‌ಡಿಎಂಐ, ಟಿವಿಯೊಳಗಿನ ಆ್ಯಪ್ ಮೂರಕ್ಕೂ ಒಂದೊಂದು ಸಲ ಹೋಗಿ ಮೋಷನ್ ಆಫ್, ಶಾರ್ಪ್‌ನೆಸ್, ಗಾತ್ರ ನೋಡಿ. ಎಚ್‌ಡಿಆರ್ (ಬೆಳಕು-ನೆರಳಿನ ವ್ಯಾಪ್ತಿ ಹೆಚ್ಚಿರುವ ಬಗೆ) ಚಿತ್ರ ಬಂದಾಗ ಬೇರೆಯದೇ ಸೆಟ್ಟಿಂಗ್ ತೆರೆದುಕೊಳ್ಳುತ್ತದೆ. 4ಕೆಯಲ್ಲಿ ಬರುವ ಹಳೆ ಚಿತ್ರಗಳಿಗೆ ಅದನ್ನೂ ಒಮ್ಮೆ ಪರೀಕ್ಷಿಸಿ.